ಹವ್ಯಾಸಿ ಬೌಲಿಂಗ್ ಟೂರ್ನಿ ನಡೆಸುವವರಿಗೆ: ಸರಾಸರಿ ಪರಿಶೀಲನೆಯಿಂದ ಅನರ್ಹತೆಯ ತೀರ್ಪಿನವರೆಗೆ

ಆಫೀಸಿನವರು, ಅಪಾರ್ಟ್‌ಮೆಂಟ್ ಸಂಘದವರು, ಹೊರದೇಶದ ಕನ್ನಡ ಕೂಟದವರು ಸೇರಿ ನಡೆಸುವ ಟೆನ್‌ಪಿನ್ ಬೌಲಿಂಗ್ ಟೂರ್ನಿಗಳಲ್ಲಿ ಜಗಳ ಬರುವುದು ಹೆಚ್ಚಾಗಿ ಬಹುಮಾನ ಕೊಡುವ ಹೊತ್ತಿಗೆ. 'ಅವರ ನಿಜವಾದ ಸರಾಸರಿ ಅದಲ್ಲ', 'ಆ ಫೌಲ್ ಯಾರೂ ಲೆಕ್ಕಕ್ಕೇ ತಗೊಳ್ಳಲಿಲ್ಲ', 'ಹೀಗೊಂದು ನಿಯಮ ಇದೆ ಅಂತ ಮೊದಲೇ ಹೇಳಬೇಕಿತ್ತು'. ಮೂರಕ್ಕೂ ಕಾರಣ ಒಂದೇ, ಮೊದಲ ಬಾಲ್ ಉರುಳುವ ಮುಂಚೆ ಬರೆದಿಡಬೇಕಾದದ್ದನ್ನು ಬರೆದಿಟ್ಟಿರುವುದಿಲ್ಲ.

ಈ ಮಾರ್ಗದರ್ಶಿಯ ಉದ್ದಕ್ಕೂ ನಾನು ಒಂದು ಸೂತ್ರ ಹಿಡಿದು ಹೋಗುತ್ತೇನೆ. ತಪ್ಪು ಆಟದ ಎಷ್ಟು ಭಾಗವನ್ನು ಕೆಡಿಸಿತೋ ಶಿಕ್ಷೆ ಅಷ್ಟಕ್ಕೇ ಇರಬೇಕು. ಒಂದು ಎಸೆತದ ತಪ್ಪಿಗೆ ಆ ಎಸೆತದ ಪಿನ್ ಹೋಗಲಿ. ಇಡೀ ಗೇಮ್ ಕೆಟ್ಟಿದ್ದರೆ ಆ ಗೇಮ್ ಹೋಗಲಿ. ಟೂರ್ನಿಯಿಂದಲೇ ಹೊರಗೆ ಹಾಕುವ ಅನರ್ಹತೆ, ಟೂರ್ನಿಯ ಬುಡಕ್ಕೇ ಪೆಟ್ಟು ಕೊಡುವ ಮೋಸಕ್ಕೆ ಮಾತ್ರ. ಕೋಪದಲ್ಲಿ ಕೊಟ್ಟ ಅನರ್ಹತೆ, ದಾಕ್ಷಿಣ್ಯಕ್ಕೆ ಬಿಟ್ಟ ಅನರ್ಹತೆ, ಎರಡೂ ಉಳಿದ ಆಟಗಾರರಿಗೆ ಅನ್ಯಾಯವೇ.

ಹಂತ 1: ಯಾವ ನಿಯಮ ಪುಸ್ತಕ ಅಂತ ಮೊದಲು ತೀರ್ಮಾನಿಸಿ

ಅಮೆರಿಕದ ಯುಎಸ್‌ಬಿಸಿ (ಯುನೈಟೆಡ್ ಸ್ಟೇಟ್ಸ್ ಬೌಲಿಂಗ್ ಕಾಂಗ್ರೆಸ್) ಪುಸ್ತಕ ಹವ್ಯಾಸಿ ಲೀಗ್ ಮತ್ತು ಹ್ಯಾಂಡಿಕ್ಯಾಪ್ ಟೂರ್ನಿಗಳಿಗೆ ಬಹಳ ಅನುಕೂಲ. 1895ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದ ಅಮೆರಿಕನ್ ಬೌಲಿಂಗ್ ಕಾಂಗ್ರೆಸ್, ಮಹಿಳೆಯರ ಮತ್ತು ಕಿರಿಯರ ಸಂಸ್ಥೆಗಳ ಜೊತೆ 2005ರಲ್ಲಿ ಒಂದಾಗಿ ಯುಎಸ್‌ಬಿಸಿ ಆಯಿತು. ನೂರು ವರ್ಷಕ್ಕೂ ಮೀರಿದ ತಂಟೆ ತಕರಾರುಗಳ ಅನುಭವ ಆ ನಿಯಮಗಳಲ್ಲಿ ಇಳಿದಿದೆ. ಅಂತರರಾಷ್ಟ್ರೀಯ ಸ್ಪರ್ಧೆಗಳಿಗೆ ಇಂಟರ್‌ನ್ಯಾಷನಲ್ ಬೌಲಿಂಗ್ ಫೆಡರೇಷನ್‌ನ ನಿಯಮಗಳಿವೆ. ನಮ್ಮಲ್ಲಿ ರಾಷ್ಟ್ರಮಟ್ಟದಲ್ಲಿ ಟೆನ್‌ಪಿನ್ ಬೌಲಿಂಗ್ ಫೆಡರೇಷನ್, ರಾಜ್ಯದಲ್ಲಿ ಕರ್ನಾಟಕದ ಸಂಸ್ಥೆ ಇದೆ. ದೊಡ್ಡ ನಗದು ಬಹುಮಾನ ಇಡುವವರು ರಾಜ್ಯ ಸಂಸ್ಥೆಯವರನ್ನು ಮೊದಲೇ ಮಾತಾಡಿಸಿಕೊಂಡರೆ ಒಳ್ಳೆಯದು.

ಯಾವುದೇ ಆಗಲಿ, ಒಂದನ್ನು ಆರಿಸಿ ಎಂಟ್ರಿ ಫಾರ್ಮ್‌ನಲ್ಲಿ ಒಂದು ಸಾಲು ಹಾಕಿ: 'ಇಲ್ಲಿ ಬರೆಯದ ವಿಷಯಗಳಿಗೆ ಇಂಥ ಪುಸ್ತಕದ ನಿಯಮ ಅನ್ವಯ.' ಈ ಒಂದು ಸಾಲು ಇಲ್ಲದಿದ್ದರೆ ಪ್ರತಿಯೊಬ್ಬರೂ ತಮಗೆ ಗೊತ್ತಿದ್ದ ಪುಸ್ತಕ ತೆಗೆದು ವಾದಕ್ಕೆ ನಿಲ್ಲುತ್ತಾರೆ.

ಹಂತ 2: ಸರಾಸರಿ. ಇಲ್ಲಿ ಎಡವಿದರೆ ಮುಂದಿನದೆಲ್ಲ ವ್ಯರ್ಥ

ಸರಾಸರಿ ಅಂದರೆ ಒಬ್ಬ ಆಟಗಾರರಿಗೆ ಗೇಮ್‌ಗೆ ಸರಾಸರಿ ಬರುವ ಸ್ಕೋರ್. ಸ್ಕ್ರ್ಯಾಚ್ ಟೂರ್ನಿಯಲ್ಲಿ ಆಡಿ ಗಳಿಸಿದ ಸ್ಕೋರ್ ಎಷ್ಟೋ ಅಷ್ಟೇ. ಹ್ಯಾಂಡಿಕ್ಯಾಪ್ ಟೂರ್ನಿಯಲ್ಲಿ ಕಡಿಮೆ ಸರಾಸರಿಯವರಿಗೆ ಪ್ರತಿ ಗೇಮ್‌ಗೂ ಹೆಚ್ಚುವರಿ ಪಿನ್ ಸಿಗುತ್ತದೆ. ಒಂದು ಮೂಲ ಸಂಖ್ಯೆ ಇಟ್ಟುಕೊಂಡು, ಅದಕ್ಕೂ ಆಟಗಾರರ ಸರಾಸರಿಗೂ ಇರುವ ಅಂತರದ 80, 90 ಅಥವಾ 100 ಶೇಕಡಾ ಕೊಡುವುದು ರೂಢಿ.

ಮೂಲ ಸಂಖ್ಯೆ 210, ಶೇಕಡಾ 90 ಅಂದುಕೊಳ್ಳಿ. ನಿಜವಾಗಿ 178 ಸರಾಸರಿ ಇರುವವರಿಗೆ ಅಂತರ 32, ಅದರ ಶೇಕಡಾ 90 ಅಂದರೆ 28.8. ಭಿನ್ನರಾಶಿ ಬಿಟ್ಟು 28 ಪಿನ್. ಅದೇ ಮನುಷ್ಯ ಫಾರ್ಮ್‌ನಲ್ಲಿ 158 ಅಂತ ಬರೆದರೆ ಅಂತರ 52, ಹ್ಯಾಂಡಿಕ್ಯಾಪ್ 46. ಗೇಮ್‌ಗೆ 18 ಪಿನ್ ಪುಕ್ಕಟೆ, ಆರು ಗೇಮ್‌ಗೆ 108. ಮೊದಲ ಐದು ಸ್ಥಾನಗಳ ನಡುವೆ ಒಟ್ಟು ಅಂತರವೇ ಅಷ್ಟಿರದ ಟೂರ್ನಿಗಳು ಬೇಕಾದಷ್ಟಿವೆ. ಫಾರ್ಮ್‌ನಲ್ಲಿ ಒಂದು ಅಂಕಿ ಬದಲಾಯಿಸಿದರೆ ಸಾಕು, ಲೇನ್ ಮೇಲೆ ಏನೂ ಮಾಡಬೇಕಾಗಿಲ್ಲ. ಅದಕ್ಕೇ ನನ್ನ ಮಟ್ಟಿಗೆ ಸುಳ್ಳು ಸರಾಸರಿ ಈ ಆಟದ ಅತಿ ದೊಡ್ಡ ಮೋಸ.

ಮೂಲ ಸಂಖ್ಯೆಯನ್ನು ಟೂರ್ನಿಯ ಅತಿ ಬಲಿಷ್ಠ ಆಟಗಾರರ ಸರಾಸರಿಗಿಂತ ಮೇಲಿಡಿ. 200 ಇಟ್ಟು 215 ಸರಾಸರಿಯವರನ್ನು ಸೇರಿಸಿಕೊಂಡರೆ, ಆ 15 ಪಿನ್ ಅವರಿಗೆ ನೀವೇ ಕೊಟ್ಟ ಉಡುಗೊರೆ. ಶೇಕಡಾ ಎಷ್ಟು ಅನ್ನುವುದೂ ನ್ಯಾಯದ ಪ್ರಶ್ನೆಯೇ. ಮೂಲ 210, ಶೇಕಡಾ 80 ಆದರೆ 200 ಸರಾಸರಿಯವರು 8 ಪಿನ್ ಸೇರಿ 208ಕ್ಕೆ, 140ರವರು 56 ಸೇರಿ 196ಕ್ಕೆ ನಿಲ್ಲುತ್ತಾರೆ. ಇಬ್ಬರೂ ತಮ್ಮ ಮಟ್ಟಕ್ಕೆ ತಕ್ಕಂತೆ ಆಡಿದರೂ 12 ಪಿನ್ ಅಂತರ ಉಳಿಯಿತು. ಅನುಭವಿಗಳಿಗೆ ಸ್ವಲ್ಪ ಮೇಲುಗೈ ಇರಲಿ ಅಂತ ಬೇಕೆಂದೇ ಹಾಗೆ ಮಾಡಬಹುದು. ಆದರೆ ಮಾಡಿದ್ದನ್ನು ಫಾರ್ಮ್‌ನಲ್ಲಿ ಹೇಳಿ.

ಈಗ ಪರಿಶೀಲನೆಗೆ ಬರೋಣ. ಯುಎಸ್‌ಬಿಸಿಯಲ್ಲಿ ಕನಿಷ್ಠ 21 ಗೇಮ್ ಆಡಿದ ಲೀಗ್ ಸರಾಸರಿಗೆ ಬೆಲೆ. ಈ ವರ್ಷದ ಸರಾಸರಿ ಹಿಂದಿನದಕ್ಕಿಂತ 10 ಪಿನ್ ಅಥವಾ ಹೆಚ್ಚು ಏರಿದ್ದರೆ ಹೊಸದನ್ನೇ ಕೊಡಬೇಕು. ಸರಾಸರಿ ಸರಿಯಾಗಿದೆಯೇ ಎಂದು ನೋಡುವ ಹೊಣೆ ಆಟಗಾರರದೇ. ಕ್ಯಾಪ್ಟನ್ ತುಂಬಿದ್ದು, ನನಗೆ ಗೊತ್ತಿರಲಿಲ್ಲ ಅಂದರೆ ನಡೆಯುವುದಿಲ್ಲ. ನಿಜಕ್ಕಿಂತ ಹೆಚ್ಚು ಸರಾಸರಿ ಬರೆದವರ ಬಹುಮಾನ ಬರೆದ ಸರಾಸರಿಯ ಮೇಲೇ ನಿಂತಿರುತ್ತದೆ, ಅದರಿಂದ ಬೇರೆಯವರಿಗೆ ನಷ್ಟವಿಲ್ಲ. ಕಡಿಮೆ ಬರೆದು ಅದರಿಂದ ಹೆಚ್ಚು ಹ್ಯಾಂಡಿಕ್ಯಾಪ್ ಅಥವಾ ಕೆಳಗಿನ ವಿಭಾಗ ಸಿಕ್ಕಿದ್ದರೆ ಸ್ಕೋರ್ ರದ್ದು. ಈ ವ್ಯತ್ಯಾಸ ನನಗೆ ಬಹಳ ಹಿಡಿಸುತ್ತದೆ. ತಪ್ಪಿನಿಂದ ಲಾಭವಾದವರಿಗೆ ಮಾತ್ರ ಅದು ಮುಟ್ಟುತ್ತದೆ.

ನಮ್ಮೂರಿನ ಕಷ್ಟ ಬೇರೆ. ವಾರಾಂತ್ಯಕ್ಕೆ ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನ ಅಮೀಬಾ ಬೌಲಿಂಗ್ ಸೆಂಟರ್‌ಗೋ ಯಾವುದೋ ಮಾಲ್‌ಗೋ ಹೋಗಿ ಆಡುವ ಹೆಚ್ಚಿನವರಿಗೆ ಲೀಗ್ ಸರಾಸರಿ ಅಂತ ಇರುವುದೇ ಇಲ್ಲ. ಆಗ ಹೀಗೆ ಮಾಡಿ. ಲೀಗ್ ಸರಾಸರಿ ಇದ್ದವರಿಗೆ ಅದು. ಇಲ್ಲದವರಿಗೆ ಹಿಂದಿನ ಟೂರ್ನಿಗಳ ದಾಖಲೆ, ಒಂದೆರಡು ಒಳ್ಳೆಯ ದಿನಗಳದ್ದಲ್ಲ, ಸಾಲಾಗಿ ಸಿಕ್ಕಿದ್ದೆಲ್ಲ. ಅದೂ ಇಲ್ಲದವರಿಗೆ ಸಮಿತಿ ಸರಾಸರಿ ನಿಗದಿ ಮಾಡಲಿ, ಹ್ಯಾಂಡಿಕ್ಯಾಪ್‌ಗೆ ಒಂದು ಗರಿಷ್ಠ ಮಿತಿಯೂ ಇರಲಿ. ಟೂರ್ನಿಯ ದಿನವೇ ಮೂರು ಗೇಮ್ ಆಡಿಸಿ ಸರಾಸರಿ ತೆಗೆಯುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಆ ಮೂರು ಗೇಮ್ ಬೇಕೆಂದೇ ಕೆಟ್ಟದಾಗಿ ಆಡಿ ಅಂತ ನಾವೇ ಕರೆದ ಹಾಗಾಗುತ್ತದೆ.

ಇನ್ನೊಂದು ಎಚ್ಚರ. ತಲೆಗೆ ದಾರ ಕಟ್ಟಿದ ಪಿನ್‌ಗಳ ಯಂತ್ರದ ಮೇಲೆ ಬಂದ ಸ್ಕೋರನ್ನು ಬಿಡಿ ಪಿನ್‌ಗಳ ಸ್ಕೋರಿನ ಜೊತೆ ಕಲಸಬೇಡಿ. ದಾರವಿದ್ದಾಗ ಪಿನ್ ಬೀಳುವ ರೀತಿಯೇ ಬೇರೆ, ಸ್ಟ್ರೈಕ್ (ಮೊದಲ ಎಸೆತಕ್ಕೇ ಹತ್ತೂ ಪಿನ್ ಬೀಳುವುದು) ಕಡಿಮೆ. ಯುಎಸ್‌ಬಿಸಿ 2023ರಲ್ಲಿ ದಾರದ ಪಿನ್‌ಗೆ ಮಾನ್ಯತೆ ಕೊಟ್ಟಾಗ ಅದನ್ನು ಪ್ರತ್ಯೇಕ ವಿಭಾಗವಾಗಿಯೇ ಇಟ್ಟಿತು. ಮಾಲ್‌ನ ದಾರದ ಪಿನ್ ಸರಾಸರಿ ಹಿಡಿದು ಬಂದವರು ಬಿಡಿ ಪಿನ್ ಟೂರ್ನಿಯಲ್ಲಿ ಮೋಸ ಮಾಡದೆಯೂ ಗೆದ್ದುಬಿಡಬಹುದು.

ಬೇಕೆಂದೇ ಸರಾಸರಿ ಇಳಿಸಿಕೊಳ್ಳುವುದಕ್ಕೆ ಆಟಗಾರರು ಸ್ಯಾಂಡ್‌ಬ್ಯಾಗಿಂಗ್ ಅನ್ನುತ್ತಾರೆ. ಒಂದು ದಿನ ಚೆನ್ನಾಗಿ ಆಡಿದ್ದು ಅದಕ್ಕೆ ಸಾಕ್ಷಿಯಲ್ಲ. 150ರ ಆಟಗಾರರಿಗೆ 200ರ ಗೇಮ್ ಒಮ್ಮೆ ಬಂದೇ ಬರುತ್ತದೆ, ಆ ಸಂತೋಷವನ್ನು ಅನುಮಾನದಿಂದ ಕೆಡಿಸಬಾರದು. ಒಟ್ಟು ಸ್ಕೋರ್ ಬಿಟ್ಟು ಫ್ರೇಮ್ ಫ್ರೇಮ್ ನೋಡಿ (ಗೇಮ್‌ನ ಹತ್ತು ಸರದಿಗಳಲ್ಲಿ ಒಂದೊಂದೂ ಒಂದು ಫ್ರೇಮ್, ಪ್ರತಿಯೊಂದರಲ್ಲಿ ಹತ್ತು ಪಿನ್ ಬೀಳಿಸಲು ಎರಡು ಎಸೆತ). ಒಂದೇ ಪಿನ್ ಉಳಿದಾಗಿನ ಸ್ಪೇರ್‌ಗಳೇ (ಉಳಿದದ್ದನ್ನು ಎರಡನೇ ಎಸೆತದಲ್ಲಿ ಬೀಳಿಸುವುದು) ಸುಳಿವು. ಲೀಗ್‌ನಲ್ಲಿ ಫಲಿತಾಂಶ ನಿಶ್ಚಯವಾದ ಮೇಲಿನ ಫ್ರೇಮ್‌ಗಳಲ್ಲಿ ಹಿಂದಿನ ಸಾಲಿನ ಬಲತುದಿಯ ಹತ್ತನೇ ಪಿನ್ ಸತತವಾಗಿ ತಪ್ಪುತ್ತದೆ, ಹಣದ ಟೂರ್ನಿಯಲ್ಲಿ ಅದೇ ಪಿನ್ ಒಮ್ಮೆಯೂ ತಪ್ಪುವುದಿಲ್ಲ ಅಂದರೆ ಆಗ ಕೂರಿಸಿ ಕೇಳಬೇಕು.

ಹಂತ 3: ಅನರ್ಹತೆಯ ಕಾರಣಗಳನ್ನು ಫಾರ್ಮ್‌ನಲ್ಲೇ ಅಚ್ಚು ಹಾಕಿ

ನಾನು ಸೂಚಿಸುವ ಮಾತುಗಳು ಇವು, ಬೇಕಾದಂತೆ ತಿದ್ದಿಕೊಳ್ಳಿ:

'ನಿಜಕ್ಕಿಂತ ಕಡಿಮೆ ಸರಾಸರಿ ನೀಡಿ ಅದರಿಂದ ಲಾಭ ಪಡೆದರೆ, ಬೇರೊಬ್ಬರ ಹೆಸರಿನಲ್ಲಿ ಆಡಿದರೆ, ಅಧಿಕಾರಿಯ ಅನುಮತಿಯಿಲ್ಲದೆ ಸ್ಕೋರ್ ತಿದ್ದಿದರೆ, ಲೇನ್, ಪಿನ್ ಅಥವಾ ಬಾಲ್‌ಗಳನ್ನು ನಿಯಮ ಮೀರಿ ಮಾರ್ಪಡಿಸಿದರೆ, ಹಣ ಹಂಚಿಕೊಳ್ಳುವ ಒಪ್ಪಂದದ ಮೇಲೆ ಬೇಕೆಂದೇ ಸೋತರೆ, ಆಟಗಾರರ ಅಥವಾ ಅಧಿಕಾರಿಗಳ ಮೇಲೆ ಕೈ ಮಾಡಿದರೆ ಟೂರ್ನಿಯಿಂದ ಅನರ್ಹ. ಅನರ್ಹರಾದವರ ಎಲ್ಲ ಸ್ಕೋರ್ ರದ್ದು, ಬಹುಮಾನ ಮುಂದಿನ ಸ್ಥಾನದವರಿಗೆ.'

ಪಟ್ಟಿ ಇಷ್ಟೇ ಇರಲಿ. 'ಸಮಿತಿಗೆ ಸರಿ ಕಾಣದ ಯಾವುದೇ ವರ್ತನೆ' ಅಂತ ಬಾಲಂಗೋಚಿ ಸೇರಿಸಬೇಡಿ. ಅದು ಸಮಿತಿಯವರ ಸ್ನೇಹಿತರಿಗೆ ಒಂದು ನ್ಯಾಯ, ಉಳಿದವರಿಗೆ ಇನ್ನೊಂದು ನ್ಯಾಯ ಮಾಡಲು ದಾರಿ.

ಕಾರ್ಪೊರೇಟ್ ಟೂರ್ನಿಗಳಲ್ಲಿ ಬೇರೆಯವರ ಹೆಸರಿನಲ್ಲಿ ಆಡಿಸುವುದು ಮಾಮೂಲು. ತಂಡದಲ್ಲಿ ಒಬ್ಬರು ಬರಲಿಲ್ಲ, ಚೆನ್ನಾಗಿ ಆಡುವ ಗೆಳೆಯರೊಬ್ಬರು ಅವರ ಬ್ಯಾಡ್ಜ್ ಹಾಕಿಕೊಂಡು ಬಂದರು. ಶೂ ಕೊಡುವ ಕೌಂಟರ್‌ನಲ್ಲೇ ಗುರುತಿನ ಚೀಟಿ ನೋಡಿ, ಬದಲಿ ಆಟಗಾರರನ್ನು ಸೇರಿಸಲು ಒಂದು ಗಡುವೂ ಕೊಡಿ. ನ್ಯಾಯವಾದ ದಾರಿ ತೆರೆದಿದ್ದರೆ ಹೆಚ್ಚಿನವರು ಅದರಲ್ಲೇ ಬರುತ್ತಾರೆ.

ಹಂತ 4: ಹಿಂದಿನ ಸಂಜೆ ಸೆಂಟರ್‌ಗೆ ಹೋಗಿ ನೋಡಬೇಕಾದದ್ದು

ಫೌಲ್ ಲೈನ್ (ಬಾಲ್ ಎಸೆಯುವಾಗ ದಾಟಬಾರದ ಗೆರೆ) ದಾಟಿಸಿ ನಿಮ್ಮ ಕಾಲಿಟ್ಟು ನೋಡಿ. ಪ್ರತಿ ಲೇನ್‌ನಲ್ಲೂ ದೀಪ ಹೊತ್ತಿಕೊಳ್ಳಬೇಕು, ಸದ್ದಾಗಬೇಕು. ಮನರಂಜನೆಗೆ ಬರುವವರಿಗೆ ಕಿರಿಕಿರಿ ಆಗದಿರಲಿ ಅಂತ ಇದನ್ನು ಆಫ್ ಮಾಡಿಟ್ಟಿರುವ ಸೆಂಟರ್‌ಗಳಿವೆ. ಕೆಲವು ಲೇನ್‌ಗಳಲ್ಲಿ ಆನ್, ಕೆಲವುಗಳಲ್ಲಿ ಆಫ್ ಇದ್ದರೆ ಅದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಯಂತ್ರ ಕೆಟ್ಟಿದ್ದರೆ ಆ ಲೇನ್‌ಗೆ ಒಬ್ಬ ಫೌಲ್ ಜಡ್ಜ್ ಕೂರಲಿ.

ಎಣ್ಣೆಯ ವಿಷಯ ಹೊಸ ಸಂಘಟಕರಿಗೆ ತಿಳಿದಿರುವುದಿಲ್ಲ. ಫೌಲ್ ಲೈನ್‌ನಿಂದ ಮೊದಲ ಪಿನ್‌ವರೆಗಿನ 60 ಅಡಿಯಲ್ಲಿ ಬಹುಭಾಗಕ್ಕೆ ಎಣ್ಣೆ ಹಚ್ಚಿರುತ್ತಾರೆ. ಸಾಮಾನ್ಯ ದಿನಗಳ ಹೌಸ್ ಪ್ಯಾಟರ್ನ್‌ನಲ್ಲಿ ನಡುವೆ ಹೆಚ್ಚು, ಅಂಚಿಗೆ ಕಡಿಮೆ. ಬಾಲ್ ಸ್ವಲ್ಪ ಆಚೀಚೆ ಹೋದರೂ ಆ ವ್ಯತ್ಯಾಸವೇ ಅದನ್ನು ದಾರಿಗೆ ತರುತ್ತದೆ. ಆಡುತ್ತ ಆಡುತ್ತ ಎಣ್ಣೆ ಸವೆದು ಲೇನ್ ಬದಲಾಗುತ್ತದೆ. ಬೆಳಿಗ್ಗೆಯ ಸ್ಕ್ವಾಡ್‌ಗೆ (ಒಂದೇ ಹೊತ್ತಿಗೆ ಆಡುವ ಗುಂಪಿಗೆ) ಹೊಸ ಎಣ್ಣೆ, ಮಧ್ಯಾಹ್ನದವರಿಗೆ ಸವೆದದ್ದು ಆದರೆ ಒಂದೇ ಟೂರ್ನಿಯಲ್ಲಿ ಎರಡು ಟೂರ್ನಿ ನಡೆದಂತೆ. ಪ್ರತಿ ಸ್ಕ್ವಾಡ್‌ಗೂ ಮುಂಚೆ ಎಣ್ಣೆ ಹಾಕಿಸುವ ಮಾತನ್ನು ಬಾಡಿಗೆ ಮಾತಾಡುವಾಗಲೇ ಆಡಿ ಮುಗಿಸಿ. ಲೇನ್ ಹಂಚಿಕೆ ಚೀಟಿ ಎತ್ತಿ ಮಾಡಿ, ಪ್ರತಿ ಗೇಮ್ ಆದ ಮೇಲೆ ಎಲ್ಲರೂ ಪಕ್ಕದ ಜೋಡಿ ಲೇನ್‌ಗೆ ಸರಿಯಲಿ.

ಬಾಲ್ ಗರಿಷ್ಠ 16 ಪೌಂಡ್, ಅಂದರೆ ಸುಮಾರು 7.26 ಕೆ.ಜಿ. ಯುಎಸ್‌ಬಿಸಿ ನಿಯಮದಂತೆ 2019ರ ಆಗಸ್ಟ್‌ನಿಂದ ಆಟದ ನಡುವೆ ಬಾಲ್ ಒರೆಸಲು ಒಣ ಟವೆಲ್ ಮಾತ್ರ, ದ್ರವ ಬಳಸುವಂತಿಲ್ಲ. 2020ರ ಆಗಸ್ಟ್‌ನಿಂದ ತೂಕ ಸರಿದೂಗಿಸಲು ಕೊರೆಯುವ ಹೆಚ್ಚುವರಿ ತೂತು ನಿಷಿದ್ಧ, ಬಾಲ್‌ನಲ್ಲಿರುವ ತೂತುಗಳೆಲ್ಲ ಹಿಡಿತಕ್ಕೇ ಬಳಕೆಯಾಗಬೇಕು. ಆಟ ನಡೆಯುವಾಗ ಉಜ್ಜುಪಟ್ಟಿಯಿಂದ ಬಾಲ್ ಮೈ ತಿಕ್ಕುವುದಂತೂ ಎಂದಿಗೂ ಸಲ್ಲ. ಸೆಂಟರ್‌ನ ಬಾಲ್ ಹಿಡಿದು ಹೆಬ್ಬೆರಳು ಹಾಕದೆ ಎಸೆಯುವ ಹೊಸಬರ ಮೇಲೆ ತೂತಿನ ನಿಯಮ ಹೇರಬೇಡಿ. ಆರಂಭಿಕರ ವಿಭಾಗಕ್ಕೆ ಆ ವಿನಾಯಿತಿ ಕೊಟ್ಟು ಬರೆದಿಡಿ.

ಹಂತ 5: ಆಟದ ನಡುವಿನ ತಪ್ಪುಗಳು

ಇವು ಬಹುತೇಕ ಎಸೆತಕ್ಕೆ ಅಥವಾ ಫ್ರೇಮ್‌ಗೆ ಮುಗಿಯುವ ತಪ್ಪುಗಳು. ಯಾವುದಕ್ಕೂ ಅನರ್ಹತೆಯ ಮಾತೇ ಬರಬಾರದು.

ಬಾಲ್ ಬಿಡುವಾಗ ಅಥವಾ ಬಿಟ್ಟ ಮೇಲೆ ದೇಹದ ಯಾವುದೇ ಭಾಗ ಗೆರೆ ದಾಟಿ ಲೇನನ್ನೋ ಗೋಡೆಯನ್ನೋ ಮುಟ್ಟಿದರೆ ಫೌಲ್. ಆ ಎಸೆತದಲ್ಲಿ ಬಿದ್ದ ಪಿನ್‌ಗೆ ಲೆಕ್ಕವಿಲ್ಲ. ಮೊದಲ ಎಸೆತದಲ್ಲಾದರೆ ಹತ್ತೂ ಪಿನ್ ಮತ್ತೆ ನಿಲ್ಲಿಸಿ ಎರಡನೆಯದನ್ನು ಎಸೆಯುತ್ತಾರೆ, ಆಗ ಹತ್ತೂ ಬಿದ್ದರೆ ಅದು ಸ್ಪೇರ್. ಇಲ್ಲೊಂದು ಚಾಲಾಕಿತನಕ್ಕೆ ಜಾಗವಿದೆ. ಮೊದಲ ಎಸೆತ ಕೆಟ್ಟು ಕಷ್ಟದ ಸ್ಪ್ಲಿಟ್ (ದೂರ ದೂರ ನಿಂತ ಪಿನ್‌ಗಳು) ಉಳಿಯುತ್ತದೆ ಅನ್ನಿಸಿದೊಡನೆ ಬೇಕೆಂದೇ ಗೆರೆ ದಾಟಿದರೆ ಹೊಸದಾಗಿ ಹತ್ತು ಪಿನ್ ಸಿಗುತ್ತದಲ್ಲ! ಅದಕ್ಕೇ ಉದ್ದೇಶಪೂರ್ವಕ ಫೌಲ್‌ಗೆ ಸೊನ್ನೆ ಕೊಟ್ಟು, ಆ ಫ್ರೇಮ್‌ನಲ್ಲಿ ಮತ್ತೆ ಎಸೆಯುವ ಅವಕಾಶವನ್ನೂ ಕಿತ್ತುಕೊಳ್ಳುತ್ತದೆ ನಿಯಮ.

ಗಟರ್‌ಗೆ (ಲೇನ್ ಪಕ್ಕದ ಕಾಲುವೆಗೆ) ಬಿದ್ದು ಪುಟಿದ ಬಾಲ್, ಹಿಂದಿನ ಕುಷನ್‌ಗೆ ಬಡಿದು ಮರಳಿದ ಬಾಲ್, ಯಂತ್ರ ತಗುಲಿ ಬೀಳಿಸಿದ ಪಿನ್ ಇವೆಲ್ಲ ಲೆಕ್ಕಕ್ಕಿಲ್ಲ. ಪಿನ್ ಒಂದು ಪಕ್ಕದ ಗೋಡೆಗೋ ಹಿಂದಿನ ಕುಷನ್‌ಗೋ ಬಡಿದು ಮರಳಿ ಬಂದು ಇನ್ನೊಂದನ್ನು ಬೀಳಿಸಿದರೆ ಲೆಕ್ಕವಿದೆ. ಸರದಿ ತಪ್ಪಿಯೋ ಪಕ್ಕದ ಲೇನ್‌ನಲ್ಲೋ ಎಸೆದ ಬಾಲ್ ಡೆಡ್ ಬಾಲ್, ಸರಿಯಾದ ಕಡೆ ಮತ್ತೆ ಎಸೆಯಬೇಕು. ಆದರೆ ಒಂದೇ ತಂಡದ ಒಬ್ಬರಿಗಿಂತ ಹೆಚ್ಚು ಮಂದಿ ತಪ್ಪು ಲೇನ್‌ನಲ್ಲಿ ಎಸೆದುಬಿಟ್ಟಿದ್ದರೆ ಆ ಗೇಮ್ ಹಾಗೆಯೇ ಮುಗಿಯಲಿ, ಮುಂದಿನದು ಸರಿಯಾದ ಲೇನ್‌ನಲ್ಲಿ.

ಅಪ್ರೋಚ್ (ಬಾಲ್ ಬಿಡುವ ಮುಂಚೆ ಹೆಜ್ಜೆ ಹಾಕುವ ಜಾಗ) ಮೇಲೆ ಪೌಡರ್ ಉದುರಿಸುವುದು ಇನ್ನೊಬ್ಬರು ಜಾರಿ ಬೀಳಲು ಕಾರಣವಾಗಬಹುದಾದ್ದರಿಂದ ತಕ್ಷಣ ನಿಲ್ಲಿಸಿ ಒರೆಸಿಸಿ, ಮರುಕಳಿಸಿದರೆ ಗೇಮ್ ರದ್ದು ಮಾಡಿ. ನಿಧಾನದ ಆಟಕ್ಕೆ ಅಂತರರಾಷ್ಟ್ರೀಯ ಸ್ಪರ್ಧೆಗಳ ಕಾರ್ಡ್ ಪದ್ಧತಿ ಚೆನ್ನಾಗಿದೆ: ಬಿಳಿ, ಆಮೇಲೆ ಹಳದಿ, ಇವೆರಡೂ ಎಚ್ಚರಿಕೆ. ಕೆಂಪು ಬಂದರೆ ಆ ಫ್ರೇಮ್‌ಗೆ ಸೊನ್ನೆ.

ಹಂತ 6: ದೂರು ಬಂದಾಗ ಆಟ ನಿಲ್ಲಿಸದೆ ಕೆಲಸ ಸಾಗಿಸುವುದು

ಒಂದು ಫ್ರೇಮ್ ನೋಡೋಣ. ಆಟಗಾರರೊಬ್ಬರ ಮೊದಲ ಬಾಲ್‌ಗೆ ಎಂಟು ಪಿನ್ ಬಿದ್ದು ಆರು ಮತ್ತು ಹತ್ತನೇ ಪಿನ್ ನಿಂತಿವೆ. ಫೌಲ್ ದೀಪ ಹೊತ್ತಿಕೊಂಡಿತು. 'ನನ್ನ ಶೂ ಗೆರೆಯಿಂದ ನಾಲ್ಕು ಬೆರಳು ಹಿಂದಿತ್ತು, ಕೈಯಿಂದ ಟವೆಲ್ ಜಾರಿ ಬಿತ್ತು, ಅದಕ್ಕೇ ದೀಪ ಬಂತು' ಅನ್ನುತ್ತಾರೆ ಅವರು. ಎದುರಾಳಿ ಒಪ್ಪುವುದಿಲ್ಲ, ಅಧಿಕಾರಿ ಆ ಕ್ಷಣ ಬೇರೆ ಲೇನ್ ಕಡೆ ಇದ್ದರು. ಇಲ್ಲಿ ವಾದ ಮಾಡುತ್ತ ನಿಲ್ಲಬೇಡಿ. ಮೊದಲು ಫೌಲ್ ಅಂತಲೇ ಇಟ್ಟುಕೊಂಡು ಫ್ರೇಮ್ ಮುಗಿಸಲಿ: ಹತ್ತು ಪಿನ್ ನಿಲ್ಲಿಸಿ ಎರಡನೇ ಬಾಲ್, ಒಂಬತ್ತು ಬಿತ್ತು. ಆಮೇಲೆ ಮೆಕ್ಯಾನಿಕ್‌ರಿಂದ ಆರು ಮತ್ತು ಹತ್ತನೇ ಪಿನ್ ಮಾತ್ರ ನಿಲ್ಲಿಸಿ ಒಂದು ಪ್ರೊವಿಷನಲ್ ಬಾಲ್ (ತೀರ್ಪು ಬರುವವರೆಗಿನ ತಾತ್ಕಾಲಿಕ ಎಸೆತ) ಎಸೆಯಲಿ, ಎರಡೂ ಬಿದ್ದವು. ಈಗ ಕೈಯಲ್ಲಿ ಎರಡು ಫಲಿತಾಂಶ ಇದೆ, ಫೌಲ್ ಆದರೆ ಒಂಬತ್ತು, ಅಲ್ಲದಿದ್ದರೆ ಸ್ಪೇರ್. ಎರಡನ್ನೂ ಬರೆದು, ಇಬ್ಬರು ಕ್ಯಾಪ್ಟನ್‌ಗಳ ಸಹಿ ಹಾಕಿಸಿ ಆಟ ಮುಂದುವರಿಸಿ. ತೀರ್ಪು ಏನೇ ಬಂದರೂ ಯಾರಿಗೂ ಅವಕಾಶ ತಪ್ಪಿದಂತಾಗುವುದಿಲ್ಲ. ಹವ್ಯಾಸಿ ಟೂರ್ನಿಗಳಲ್ಲಿ ಈ ಪದ್ಧತಿ ಬಳಸುವುದು ತೀರಾ ಕಡಿಮೆ, ಎಲ್ಲರೂ ಕಲಿಯಬೇಕಾದದ್ದು ಇದೇ.

ಲೇನ್‌ನ ಕನ್ಸೋಲ್‌ನಲ್ಲಿ ಸ್ಕೋರ್ ತಿದ್ದುವ ಬಟನ್ ಇರುತ್ತದೆ. ಅದನ್ನು ಮುಟ್ಟುವ ಅಧಿಕಾರ ಒಬ್ಬರಿಗೆ ಮಾತ್ರ ಇರಲಿ. ಪ್ರತಿ ಗೇಮ್ ಮುಗಿದೊಡನೆ ಪರದೆಯ ಫೋಟೋ ತೆಗೆಯಿರಿ, ಇಬ್ಬರೂ ಕ್ಯಾಪ್ಟನ್‌ಗಳು ನೋಡಿ ಒಪ್ಪಲಿ. ಫೌಲ್, ಪಿನ್ ಎಣಿಕೆಯ ದೂರಿಗೆ ಮುಂದಿನ ಗೇಮ್ ಶುರುವಾಗುವವರೆಗೆ, ಸರಾಸರಿ ಮತ್ತು ಗುರುತಿನ ದೂರಿಗೆ ಬಹುಮಾನ ಕೊಡುವ ಮೊದಲು ಅಂತ ಗಡುವು ಹಾಕಿ. ಎರಡೂ ಬರವಣಿಗೆಯಲ್ಲಿ, ದೂರು ಕೊಟ್ಟವರ ಹೆಸರಿನೊಂದಿಗೆ.

ಹಂತ 7: ಅನರ್ಹತೆಯ ವಿಚಾರಣೆ

ಮೂವರ ಸಮಿತಿ ಸಾಕು. ಆ ವಿಭಾಗದಲ್ಲಿ ಆಡುವವರು, ಆಟಗಾರರ ನೆಂಟರು, ಅದೇ ಟೀಮಿನ ಮ್ಯಾನೇಜರ್ ಕೂರಬಾರದು. ಆರೋಪ ಏನು, ಯಾವ ಕಲಮಿನ ಕೆಳಗೆ, ಸಾಕ್ಷಿ ಏನು ಅಂತ ಆಟಗಾರರಿಗೆ ಬಾಗಿಲು ಹಾಕಿದ ಕೋಣೆಯಲ್ಲಿ ಹೇಳಿ. ಲೇನ್ ಮೇಲೆ, ಮೈಕ್‌ನಲ್ಲಿ, ಗ್ರೂಪಿನ ವಾಟ್ಸಾಪ್‌ನಲ್ಲಿ ಹೇಳಬೇಡಿ. ಒಬ್ಬ ಮನುಷ್ಯನನ್ನು ಸಹೋದ್ಯೋಗಿಗಳ ಮುಂದೆ ಮೋಸಗಾರ ಅಂದ ಮೇಲೆ ತೀರ್ಪು ತಿದ್ದಿದರೂ ಆ ಮಾತು ವಾಪಸ್ ಬರುವುದಿಲ್ಲ. ಅವರ ಉತ್ತರ ಪೂರ್ತಿ ಕೇಳಿ, ಅವರು ಹೊರಗೆ ಹೋದ ಮೇಲೆ ಚರ್ಚಿಸಿ, ಕಾರಣ ಸಮೇತ ನಾಲ್ಕು ಸಾಲು ಬರೆದು ಕೈಗೆ ಕೊಡಿ. ಮೇಲ್ಮನವಿ ಯಾರಿಗೆ ಅನ್ನುವುದೂ ಅದರಲ್ಲಿರಲಿ.

ತಪ್ಪು ನಿಜ, ಆದರೆ ಉದ್ದೇಶ ಗೊತ್ತಾಗುತ್ತಿಲ್ಲ ಅನ್ನುವ ಸಂದರ್ಭ ಬಂದೇ ಬರುತ್ತದೆ. ಹಳೆಯ ಸರಾಸರಿಯನ್ನೇ ಕೊಟ್ಟಿದ್ದಾರೆ, ಹೊಸದು ಹೆಚ್ಚಿದೆ ಅಂತ ತಿಳಿದಿರಲಿಲ್ಲ ಅನ್ನುತ್ತಾರೆ. ಬಹುಮಾನ ಕೊಡುವ ಮುಂಚೆ ಸಿಕ್ಕಿಬಿದ್ದು, ಸರಿಯಾದ ಸರಾಸರಿ ಖಚಿತವಾಗಿದ್ದರೆ, ಮರುಲೆಕ್ಕ ಹಾಕಿ ಸ್ಥಾನ ಇಳಿಸುವ ಅಧಿಕಾರ ಸಮಿತಿಗೆ ಇರಲಿ ಅನ್ನುವುದು ನನ್ನ ಅಭಿಪ್ರಾಯ. ಯುಎಸ್‌ಬಿಸಿ ನಿಯಮ ಇದಕ್ಕಿಂತ ಕಠಿಣ. ಅದನ್ನೇ ಪಾಲಿಸುವುದಾದರೆ ಎಲ್ಲರಿಗೂ ಪಾಲಿಸಿ. ಮೆದು ಮಾಡುವುದಾದರೆ ಮೊದಲೇ ಬರೆಯಿರಿ. ಆಟ ಮುಗಿದ ಮೇಲೆ ಮೆದು ಮಾಡುವ ಹಾಗಿಲ್ಲ.

ಡಬಲ್ಸ್ ಮತ್ತು ತಂಡಗಳದ್ದು ಅತಿ ನೋವಿನ ಪ್ರಶ್ನೆ. ಒಬ್ಬರ ಹ್ಯಾಂಡಿಕ್ಯಾಪ್ ಸುಳ್ಳಾದರೆ ತಂಡದ ಮೊತ್ತವೂ ಸುಳ್ಳು, ಅದು ನಿಲ್ಲುವಂತಿಲ್ಲ. ಆದರೆ ಏನೂ ಅರಿಯದ ಜೊತೆಗಾರರ ವೈಯಕ್ತಿಕ ಸ್ಕೋರ್, ವೈಯಕ್ತಿಕ ಬಹುಮಾನ ಮುಟ್ಟಬೇಡಿ, ಅವರ ಪಾಲಿನ ಪ್ರವೇಶ ಶುಲ್ಕ ಹಿಂದಿರುಗಿಸಿ.

ಹಂತ 8: ಬಹುಮಾನ ಮತ್ತು ದಾಖಲೆ

ಟ್ರೋಫಿ ಅಂದೇ ಕೊಡಿ, ಫೋಟೋ ತೆಗೆಸಿ. ನಗದನ್ನು ಗೆದ್ದವರ ಸರಾಸರಿಯನ್ನು ಇನ್ನೊಮ್ಮೆ ನೋಡಿದ ಮೇಲೆ ಖಾತೆಗೆ ಹಾಕಿ, ಎಷ್ಟು ದಿನದೊಳಗೆ ಅಂತ ಫಾರ್ಮ್‌ನಲ್ಲೇ ಇರಲಿ. ಆಡಿದ ಪ್ರತಿಯೊಬ್ಬರ ಗೇಮ್ ಗೇಮಿನ ಸ್ಕೋರ್, ಲೇನ್ ಯಾವ ಬಗೆಯ ಪಿನ್‌ನದ್ದು, ಯಾವ ಎಣ್ಣೆ ಪ್ಯಾಟರ್ನ್ ಅನ್ನುವುದನ್ನು ಒಂದು ಶೀಟ್‌ನಲ್ಲಿ ತುಂಬಿ ಎಲ್ಲ ಆಟಗಾರರಿಗೂ ಕಳಿಸಿ. ನಗರದ ಬೇರೆ ಸಂಘಟಕರು ಕೇಳಿದರೆ ಅವರಿಗೂ ಕೊಡುವುದಾಗಿ ಫಾರ್ಮ್‌ನಲ್ಲೇ ಒಪ್ಪಿಗೆ ಪಡೆದಿರಿ. ಲೀಗ್ ಇಲ್ಲದ ಊರಿನಲ್ಲಿ ಮುಂದಿನ ಟೂರ್ನಿಯ ಸರಾಸರಿ ಪಟ್ಟಿ ಆ ಶೀಟಿನಿಂದಲೇ ಶುರುವಾಗಬೇಕು.